ಹಾವು ಹಿಡಿದರಷ್ಟೇ ಸಾಕೇ? ಥಾಣೆ, ಕಲ್ಯಾಣ್, ನವಿ ಮುಂಬೈ ಸರ್ಪಮಿತ್ರರ ಮುಂದಿರುವ ಆದ್ಯತೆಗಳಿವು

ಮಳೆಗಾಲ ಶುರುವಾಯಿತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈನ ಸರ್ಪಮಿತ್ರರ ಮೊಬೈಲಿಗೆ ಬಿಡುವಿರುವುದಿಲ್ಲ. ಸೊಸೈಟಿಯ ಪಾರ್ಕಿಂಗಿನಲ್ಲಿ ನಾಗರಹಾವು, ಚಾಳಿನ ಅಡುಗೆಮನೆಯಲ್ಲಿ ಕೇರೆಹಾವು, ಗೋದಾಮಿನ ಮೂಲೆಯಲ್ಲಿ ಕೊಳಕುಮಂಡಲ. ಕರೆ ಬಂದ ಕೂಡಲೇ ಕೋಲು, ಚೀಲ ಹಿಡಿದು ಬೈಕ್ ಏರುವ ಈ ಸ್ವಯಂಸೇವಕರಲ್ಲಿ ಬಹುತೇಕರಿಗೆ ಇದು ಹೊಟ್ಟೆಪಾಡಿನ ಕೆಲಸವಲ್ಲ. ಹಗಲು ಬೇರೆ ನೌಕರಿ, ರಾತ್ರಿ ಹಾವಿನ ಕರೆ.

2025ರ ಜುಲೈನಲ್ಲಿ ಮಹಾರಾಷ್ಟ್ರದ ಕಂದಾಯ ಸಚಿವ ಚಂದ್ರಶೇಖರ ಬಾವನಕುಳೆ, ಸರ್ಪಮಿತ್ರರಿಗೆ ಅಧಿಕೃತ ಗುರುತಿನ ಚೀಟಿ ಮತ್ತು 10 ಲಕ್ಷ ರೂಪಾಯಿಯ ಅಪಘಾತ ವಿಮೆ ನೀಡುವುದಾಗಿ ಹೇಳಿದರು. ಅವರ ಕೆಲಸವನ್ನು ಅಗತ್ಯ ಸೇವೆಯೆಂದು ಪರಿಗಣಿಸುವ ಮಾತೂ ಬಂತು. ಬಹುಕಾಲದ ಬೇಡಿಕೆಗೆ ಸಿಕ್ಕ ಸ್ಪಂದನೆ ಇದು. ಆದರೆ ಚೀಟಿ, ವಿಮೆ ಸಿಕ್ಕ ಮೇಲೆ ಈ ಸಂಘಟನೆಗಳ ಗುರಿ ಏನಾಗಿರಬೇಕು? ಈ ಪ್ರಶ್ನೆ ಇನ್ನೂ ಚರ್ಚೆಗೆ ಬಂದಿಲ್ಲ.

ಹಾವು ಬಂದದ್ದಲ್ಲ, ಊರು ಹೋದದ್ದು

ಥಾಣೆಯ ಯೇವೂರು ಬೆಟ್ಟ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಕಲ್ಯಾಣದ ಪಕ್ಕದಲ್ಲಿ ಉಲ್ಹಾಸ್ ನದಿ, ಆಚೆಗೆ ಮಲಂಗಗಡದ ಸಾಲು. ನವಿ ಮುಂಬೈಗೆ ಒಂದೆಡೆ ಪಾರಸಿಕ್ ಮತ್ತು ಖಾರ್‌ಘರ್ ಬೆಟ್ಟ, ಇನ್ನೊಂದೆಡೆ ಖಾಡಿಯ ಕಾಂಡ್ಲಾ ಕಾಡು. ಇವುಗಳ ನಡುವಿನ ಗದ್ದೆ, ಗುಡ್ಡ, ಜೌಗು ನೆಲದ ಮೇಲೆಯೇ ಗೋಪುರಗಳು ಎದ್ದಿವೆ. ನವಿ ಮುಂಬೈ ವಿಮಾನ ನಿಲ್ದಾಣಕ್ಕಾಗಿ ಗುಡ್ಡವನ್ನೇ ಕತ್ತರಿಸಿ, ಉಲ್ವೆ ನದಿಯ ಪಾತ್ರವನ್ನು ತಿರುಗಿಸಲಾಯಿತು. ಬಿಲ ಕಳೆದುಕೊಂಡ ಹಾವು ಇಲಿಗಳಿರುವ ಕಡೆ ಹೋಗುತ್ತದೆ. ಇಲಿಗಳಿರುವುದು ಕಸದ ರಾಶಿಯ ಬಳಿ.

ಹಿಡಿಯುವುದೂ ಕಾನೂನಿನಲ್ಲಿ ಬೇಟೆ

ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬೋನಿಗೆ ಬೀಳಿಸುವುದೂ ಬೇಟೆಯೇ. ಸದುದ್ದೇಶದಿಂದ ಹಿಡಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದಿದ್ದರೆ ಸರ್ಪಮಿತ್ರನೇ ಆರೋಪಿಯಾಗಬಹುದು. ಆದ್ದರಿಂದ ಗುರುತಿನ ಚೀಟಿ ಬರೀ ಗೌರವದ ಪ್ರಶ್ನೆಯಲ್ಲ. ತರಬೇತಿ, ಪರೀಕ್ಷೆ ಮತ್ತು ಪ್ರತಿ ಹಾವಿನ ದಾಖಲೆಯ ಜತೆ ಬಂದರೆ ಮಾತ್ರ ಅದಕ್ಕೆ ಬೆಲೆ. ಯಾರು ಬೇಕಾದರೂ ಕೊರಳಿಗೆ ಹಾಕಿಕೊಳ್ಳುವ ಬಿಲ್ಲೆಯಾದರೆ, ಹಣ ಕೀಳುವವರಿಗೂ ಹಾವು ತೋರಿಸಿ ವಿಡಿಯೊ ಮಾಡುವವರಿಗೂ ಅದೇ ಪರವಾನಗಿಯಾಗುತ್ತದೆ.

ಕೇರಳ ಈ ದಾರಿಯಲ್ಲಿ ಮುಂದಿದೆ. ಅಲ್ಲಿನ ಅರಣ್ಯ ಇಲಾಖೆ 2020ರಲ್ಲಿ 'ಸರ್ಪ' ಆ್ಯಪ್ ತಂದು, ತಾನೇ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಿದವರನ್ನು ಮಾತ್ರ ಕರೆಗೆ ಕಳುಹಿಸುತ್ತಿದೆ. ಹೆಸರುವಾಸಿ ವಾವಾ ಸುರೇಶ್ 2022ರ ಜನವರಿಯಲ್ಲಿ ನಾಗರಹಾವನ್ನು ಚೀಲಕ್ಕೆ ತುಂಬುವಾಗ ತೊಡೆಗೆ ಕಚ್ಚಿಸಿಕೊಂಡು, ವೆಂಟಿಲೇಟರ್‌ವರೆಗೆ ಹೋಗಿ ಬದುಕಿ ಬಂದರು. ದಶಕಗಳ ಅನುಭವ ಇದ್ದವರಿಗೇ ಹೀಗಾದರೆ, ಬರಿಗೈಯಲ್ಲಿ ಹೆಡೆ ಹಿಡಿದು ರೀಲ್ಸ್ ಮಾಡುವ ಹುಡುಗರ ಗತಿ ಏನು? ಕೊಕ್ಕೆ, ಕೊಳವೆ, ಚೀಲ ಇಲ್ಲದೆ ಯಾರೂ ಹಾವು ಮುಟ್ಟಬಾರದು ಎಂಬುದು ಸಂಘಗಳ ಮೊದಲ ನಿಯಮವಾಗಬೇಕು.

ಬಿಡುವುದು ಎಲ್ಲಿ?

ಹಿಡಿದ ಹಾವನ್ನು ದೂರದ ಕಾಡಿಗೆ ಒಯ್ದು ಬಿಟ್ಟರೆ ಪುಣ್ಯ ಎಂಬ ನಂಬಿಕೆ ಜನರಲ್ಲಿದೆ. ಆದರೆ ಗೊತ್ತಿಲ್ಲದ ಜಾಗಕ್ಕೆ ಬಿದ್ದ ಹಾವಿಗೆ ನೀರು, ಆಹಾರ, ಅಡಗುತಾಣ ಯಾವುದೂ ತಿಳಿದಿರುವುದಿಲ್ಲ. ಅದು ಅಲೆಯುತ್ತದೆ, ಸಾಯುತ್ತದೆ, ಇಲ್ಲವೇ ಇನ್ನೊಂದು ಊರಿಗೆ ನುಗ್ಗುತ್ತದೆ. ಡೊಂಬಿವಲಿಯ ಹಾವನ್ನು ಮಲಂಗಗಡದ ತಪ್ಪಲಿಗೆ ಬಿಟ್ಟರೆ ತೊಂದರೆ ಅಲ್ಲಿನ ಆದಿವಾಸಿ ಪಾಡಾಗಳಿಗೆ ವರ್ಗವಾಗುತ್ತದೆ, ಅಷ್ಟೆ. ಹಿಡಿದ ಜಾಗಕ್ಕೆ ಆದಷ್ಟು ಹತ್ತಿರ ಬಿಡುವುದೇ ಸರಿ. ಅದಕ್ಕೆ ನಗರದೊಳಗೆ ಹಸಿರು ತುಣುಕುಗಳು ಉಳಿಯಬೇಕು. ಆ ಜಾಗಗಳ ಪರವಾಗಿ ಪಾಲಿಕೆಯ ಮುಂದೆ ಮಾತನಾಡಲು ಸರ್ಪಮಿತ್ರರಿಗಿಂತ ಅರ್ಹರು ಯಾರಿದ್ದಾರೆ?

ಆಸ್ಪತ್ರೆಯ ಬಾಗಿಲಲ್ಲಿ

2025ರಲ್ಲಿ ಡೊಂಬಿವಲಿಯಲ್ಲಿ ಹಾವು ಕಚ್ಚಿ ಒಂದೇ ಕುಟುಂಬದ ಪುಟ್ಟ ಬಾಲಕಿ ಮತ್ತು ಮಹಿಳೆ ಮೃತಪಟ್ಟಾಗ ಜನ ಬೀದಿಗಿಳಿದಿದ್ದರು. ಮಹಾನಗರದ ಅಂಚಿನಲ್ಲೂ ಹಾವಿನ ಕಡಿತಕ್ಕೆ ಜೀವ ಹೋಗುತ್ತದೆ ಎಂಬುದನ್ನು ಆ ಸಾವುಗಳು ನೆನಪಿಸಿದವು. ದೇಶದಲ್ಲಿ 2000ರಿಂದ 2019ರವರೆಗೆ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹೀಗೆ ಸತ್ತಿದ್ದಾರೆಂದು ಸಂಶೋಧಕರು ಅಂದಾಜಿಸಿದ್ದಾರೆ. 2030ರೊಳಗೆ ಇದನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅದೇ ವರ್ಷ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಪ್ರತಿ ಪ್ರಕರಣ ವರದಿಯಾಗುವಂತೆ ಮಾಡಿತು.

ಇಲ್ಲಿ ಸರ್ಪಮಿತ್ರರ ಪಾತ್ರ ದೊಡ್ಡದು. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ, ಎಲ್ಲಿ ವೆಂಟಿಲೇಟರ್ ಇದೆ ಎಂಬ ಪಟ್ಟಿ ಪ್ರತಿ ಸಂಘದ ಬಳಿ ಇರಬೇಕು. ಕನ್ನಡದ ಕಟ್ಟುಹಾವು ಮರಾಠಿಯಲ್ಲಿ 'ಮಣ್ಯಾರ್', ಕೊಳಕುಮಂಡಲ 'ಘೋಣಸ್', ಗರಗಸಮಂಡಲ 'ಫುರ್ಸೆ', ವಿಷವಿಲ್ಲದ ಕೇರೆ 'ಧಾಮಣ್'. ಕನ್ನಡಿಗರು, ತುಳುವರು ಬಹಳವಿರುವ ಡೊಂಬಿವಲಿ, ಥಾಣೆಯಲ್ಲಿ ಈ ಹೆಸರುಗಳು ಎರಡೂ ಭಾಷೆಯಲ್ಲಿ ಸೊಸೈಟಿಯ ಫಲಕದಲ್ಲಿರುವುದು ಒಳ್ಳೆಯದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೂ ಹೆಚ್ಚಿರುವುದಿಲ್ಲ ಎಂಬುದು ಗೊತ್ತಿದ್ದರೆ, ಬೆಳಗಿನವರೆಗೆ ಕಾಯುವ ತಪ್ಪು ನಡೆಯುವುದಿಲ್ಲ.

ಇರುಳರು ಕಲಿಸಿದ ಪಾಠ

ಹಾವು ಹಿಡಿಯುವವರ ಸಂಘ ಎಷ್ಟು ದೂರ ನೋಡಬಲ್ಲದು ಎಂಬುದಕ್ಕೆ ತಮಿಳುನಾಡಿನ ಇರುಳರ ಸಹಕಾರ ಸಂಘವೇ ಸಾಕ್ಷಿ. ಚರ್ಮಕ್ಕಾಗಿ ಹಾವು ಹಿಡಿಯುವುದು ಕಾನೂನುಬಾಹಿರವಾದಾಗ ಬದುಕು ಕಳೆದುಕೊಂಡ ಈ ಸಮುದಾಯ, 1978ರಲ್ಲಿ ಚೆನ್ನೈ ಬಳಿ ಸಂಘ ಕಟ್ಟಿತು. ಪರವಾನಗಿಯಷ್ಟೇ ಹಾವು ಹಿಡಿದು, ಕೆಲವು ವಾರ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತದೆ. ದೇಶದ ಪ್ರತಿವಿಷ ತಯಾರಿಕೆ ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಅಲ್ಲಿನ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ 2023ರಲ್ಲಿ ಪದ್ಮಶ್ರೀ ಪಡೆದರು.

ಥಾಣೆ ಭಾಗದ ಸಂಘಗಳು ವಿಷ ತೆಗೆಯಬೇಕಿಲ್ಲ, ಅದಕ್ಕೆ ಅನುಮತಿಯೂ ಇಲ್ಲ. ಕಲಿಯಬೇಕಾದದ್ದು ಶಿಸ್ತು. ಇಂದು ಸಂಘಗಳು ವರ್ಷಕ್ಕೆ ಎಷ್ಟು ಹಾವು ಹಿಡಿದೆವು ಎಂದು ಲೆಕ್ಕ ಹೇಳುತ್ತವೆ. ಹತ್ತು ವರ್ಷದ ನಂತರ ಹೇಳಬೇಕಾದ ಲೆಕ್ಕ ಬೇರೆ: ಕರೆಗಳು ಎಷ್ಟು ಕಡಿಮೆಯಾದವು, ಎಷ್ಟು ಸೊಸೈಟಿಗಳು ಕಸ ತೆಗೆದು ಬಿಲ ಮುಚ್ಚಿಸಿದವು, ಕಚ್ಚಿಸಿಕೊಂಡವರಲ್ಲಿ ಎಷ್ಟು ಜನ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು.

ಅಲ್ಲಿಯವರೆಗೆ ಮನೆಯಲ್ಲಿ ಹಾವು ಕಂಡವರು ಕೋಲು ಹುಡುಕದೆ ದೂರ ನಿಂತು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಲಿ. ಕಚ್ಚಿದ್ದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗುವುದೇ ದಾರಿ.