ಸಮುದ್ರಕ್ಕೂ ಸರದಿ ಉಂಟು
ಜತ್ತಿನ ಬಸ್ ಸ್ಟ್ಯಾಂಡ್ ಹತ್ತಿರ ಈ ವಾರ ಹೊಸ ಬೋರ್ಡು ಬಿದ್ದಿದೆ: ಮಾಲವಣ ಪ್ರವಾಸ, ಊಟ-ವಸತಿ ಸಹಿತ, ನೀರಿಗಿಳಿದು ಹವಳ ನೋಡುವುದು ಉಚಿತ. ಮಳೆಗಾಗಿ ಮುಗಿಲು ನೋಡಿ ಕತ್ತು ಸೋತ ನಮ್ಮ ಮಂದಿ ನೀರಿನ ಮುಂದೆ ನಾಲ್ಕು ದಿನ ಸುಮ್ಮನೆ ಕೂತು ಬರಲಿ, ಯಾರು ಬೇಡ ಅಂತಾರೆ? ಆದರೆ ಬೋರ್ಡು ಒಂದು ಮಾತು ನುಂಗಿದೆ. ಮಾಲವಣದ ಸಿಂಧುದುರ್ಗ ಕೋಟೆಯ ಸುತ್ತಲಿನ ಕಡಲು 1987ರಿಂದ ಸಾಗರ ಅಭಯಾರಣ್ಯ. ಒಟ್ಟು 29 ಚದರ ಕಿಲೋಮೀಟರ್ ಚಿಲ್ಲರೆ. ಅಭಯ ಸಿಕ್ಕಿದ್ದು ಹವಳಕ್ಕೆ, ಮೀನಿಗೆ. ಅಳುಕು ಹುಟ್ಟಿದ್ದು ಬಲೆ ನಂಬಿದವರಿಗೆ. ಅಲ್ಲಿಯ ಮೀನುಗಾರರು ಅಭಯಾರಣ್ಯವನ್ನು ವಿರೋಧಿಸಿದ್ದು ಸುಮ್ಮನೆ ಅಲ್ಲ: ಕಟ್ಟಳೆಯೆಲ್ಲ ಊರವರಿಗೆ, ಮೋಜೆಲ್ಲ ಬಂದವರಿಗೆ ಎಂದಾದರೆ ಹೊಟ್ಟೆ ಉರಿಯದೆ ಇದ್ದೀತೆ? ಪ್ರವಾಸಿ ದೋಣಿಯ ಲಂಗರು ಹವಳದ ಮೇಲೆ ಬೀಳುತ್ತದೆ. ಮುಖಕ್ಕೆ ಕನ್ನಡಕ ಬಿಗಿದವನು ಫೋಟೊಕ್ಕಾಗಿ ಅದರ ಮೇಲೇ ಕಾಲೂರುತ್ತಾನೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಗಟ್ಟಿ ಹವಳ ಒಂದೇ ತುಳಿತಕ್ಕೆ ಸಾಯಬಹುದು. ಮ್ಹೈಸಾಳ ಯೋಜನೆಯ ಕೃಷ್ಣೆಯ ನೀರಿಗೆ ಕಾಲುವೆಯ ಬಾಲದಲ್ಲಿ ಕಾಯುವ ಜತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲಿನವನು ಮನಸ್ಸಿಗೆ ಬಂದಷ್ಟು ಹಾಯಿಸಿಕೊಂಡರೆ ಕೆಳಗಿನವನ ದಾಳಿಂಬೆ ಒಣಗುತ್ತದೆ. ಮಾಲವಣದಲ್ಲಿ ಮಾತ್ರ ಆ ಮೇಲಿನವರು ನಾವು. ದಡದ ಶಾಂತಿಗೆ ಟಿಕೆಟ್ಟಿನ ದುಡ್ಡಷ್ಟೇ ಸಾಲದು, ಯಾರೋ ಕೈ ಬಿಗಿಹಿಡಿದಿರಬೇಕು. ಮೀನು ಮೊಟ್ಟೆಯಿಡಲೆಂದು ಯಾಂತ್ರಿಕ ದೋಣಿಯವರು ಜೂನ್, ಜುಲೈ ಪೂರ್ತಿ ಬಲೆ ಮಡಚಿಡುತ್ತಾರೆ. ನಾವು ಒಂದು ತಾಸು ಕಾಲು ಮಡಚಿ ತೇಲಲಾರೆವೇ?