ಕಾಮಾಲೆ ಹಿಡಿದ ಪರದೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಾವು ಪರರನ್ನು ಕುರಿತು ಆಡುವುದೇ ಹೆಚ್ಚು. ಈ ಸಲ ಅದು ನಮ್ಮ ಬಳಗದ ಬಾಗಿಲಿಗೇ ಬಂದಿತು. ಮುಂಬಯಿಯ ನಮ್ಮ ಪುಟ್ಟ ಕಚೇರಿಯಲ್ಲಿ ವಾರ್ಷಿಕ ಸಂಚಿಕೆ ಸಿದ್ಧವಾಗುವಾಗ ನಡೆದ ಪ್ರಮಾದವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇವೆ.

ಮುಖಪುಟಕ್ಕೆ ಆರಿಸಿದ್ದು ಒಂದು ಇಳಕಲ್ ಸೀರೆಯ ಚಿತ್ರ. ಸದಸ್ಯೆಯೊಬ್ಬರ ತಾಯಿ ಮದುವೆಯಾಗಿ ಈ ಊರಿಗೆ ಬಂದಾಗ ಉಟ್ಟಿದ್ದ ಸೀರೆ ಅದು. ತಾಯಿ ಈಗಿಲ್ಲ. ಕೆಂಪು ಸೆರಗು, ಅದರ ಮೇಲೆ ಬಿಳಿಯ ತೆನೆಗಳು. ಸೀರೆಯನ್ನೇ ತರಿಸಿ ಪರದೆಯ ಪಕ್ಕದಲ್ಲಿ ಹಿಡಿದು ನೋಡಿದೆವು. ಪರದೆಯ ಸೆರಗು ಕಿತ್ತಳೆಗೆ ತಿರುಗಿತ್ತು, ತೆನೆಗಳು ಹಳದಿಯಾಗಿದ್ದವು. ಛಾಯಾಚಿತ್ರ ಕೆಟ್ಟಿದೆಯೆಂದು ತೀರ್ಮಾನಿಸಿ, ಎರಡು ಸಂಜೆ ಕುಳಿತು ಹಳದಿಯನ್ನು ಇಳಿಸಿ ನೀಲಿಯನ್ನು ಏರಿಸಿದೆವು. ಪರದೆಯ ಸೀರೆಯೂ ಕೈಯಲ್ಲಿದ್ದ ಸೀರೆಯೂ ಒಂದಾದಾಗ ಹಿಗ್ಗಿದೆವು. ದಿನ ಹತ್ತಿರವಾಗಿತ್ತು, ಮಾದರಿ ಪ್ರತಿಯನ್ನು ನೋಡದೆಯೇ ಅಚ್ಚಿಗೆ ಒಪ್ಪಿಗೆ ಕೊಟ್ಟೆವು.

ಅಚ್ಚಾಗಿ ಬಂದ ಸೆರಗು ನೇರಳೆಯಾಗಿತ್ತು. ಸದಸ್ಯೆ ಪ್ರತಿಯನ್ನು ಬಹಳ ಹೊತ್ತು ನೋಡಿ, “ಇದು ನಮ್ಮ ಅವ್ವನ ಸೀರಿ ಅಲ್ಲರೀ” ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟರು. ನಾವು ಮುದ್ರಕರಿಗೆ ಕಟುವಾದ ಪತ್ರ ಬರೆದು ಅರ್ಧ ಹಣವನ್ನು ತಡೆಹಿಡಿದೆವು.

ತಪ್ಪು ಎಲ್ಲಿತ್ತೆಂಬುದು ತಿಳಿದದ್ದು ಬಳಗದ ಕಿರಿಯರೊಬ್ಬರ ತಾಳ್ಮೆಯಿಂದ. ಅವರು ಮೊದಲು ಮಾನಿಟರಿನ ಗುಂಡಿಯೊತ್ತಿ ಅದರ ಸ್ವಂತ ಮೆನುವನ್ನು ತೆರೆದರು. ಆ ಮೆನು ಕಂಪ್ಯೂಟರಿನಿಂದ ಬರುವುದಿಲ್ಲ, ಮಾನಿಟರೇ ಅದನ್ನು ಮೂಡಿಸುತ್ತದೆ. ಮೆನುವಿನ ಅಕ್ಷರಗಳು ಅಚ್ಚ ಬಿಳುಪಾಗಿದ್ದವು. ಹಿಂದಿನ ಪುಟ ಮಾತ್ರ ಹಳದಿ. ಎಂದರೆ ಪರದೆ ನಿರ್ದೋಷಿ, ದೋಷ ಅದಕ್ಕೆ ಬಂದು ತಲುಪುತ್ತಿದ್ದ ಸಂಕೇತದಲ್ಲಿ. ಬಳಿಕ ಕೇಬಲ್ ಬದಲಿಸಿದರು. ಹಳೆಯ ವಿಜಿಎ ಕೇಬಲ್ಲಿನಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಬೇರೆ ಬೇರೆ ಪಿನ್ನುಗಳಿವೆ. ನೀಲಿಯದು ಬಾಗಿದರೆ ಪರದೆ ಹಳದಿಯಾಗುತ್ತದೆ, ಕೆಂಪಿನದು ಬಾಗಿದರೆ ನೀಲಿ ಬೆರೆತ ಹಸಿರು, ಹಸಿರಿನದು ಬಾಗಿದರೆ ಕಡುಗುಲಾಬಿ. ಆದರೆ ಕೇಬಲ್ ಬದಲಾದರೂ ಹಳದಿ ಉಳಿಯಿತು. ಆಗ ಸ್ಕ್ರೀನ್‌ಶಾಟ್ ತೆಗೆದು ತಮ್ಮ ಮೊಬೈಲಿಗೆ ಕಳಿಸಿ ನೋಡಿದರು. ಅಲ್ಲಿ ಸೀರೆ ಅಚ್ಚಿನಲ್ಲಿದ್ದಂತೆಯೇ ನೇರಳೆ! ಹಳದಿ ಚಿತ್ರದೊಳಗೆ ಇರಲಿಲ್ಲ, ಚಿತ್ರದ ಮೇಲೆ ಹೊದಿಸಿದ್ದಾಗಿತ್ತು.

ಹೊದಿಸಿದ್ದು ‘ನೈಟ್ ಲೈಟ್’. ರಾತ್ರಿ ಕಣ್ಣಿಗೆ ಹಿತವಾಗಲೆಂದು ನೀಲಿಯನ್ನು ತಗ್ಗಿಸುವ ಈ ಸೌಲಭ್ಯ ವಿಂಡೋಸ್ 10ರಲ್ಲಿ 2017ರಿಂದ ಇದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ತಾನಾಗಿಯೇ ಕೆಲಸಮಾಡುವಂತೆ ಯಾರೋ ಅದನ್ನು ಹೊಂದಿಸಿದ್ದರು. ನೌಕರಿ ಮುಗಿಸಿ, ಲೋಕಲ್ ರೈಲು ಹಿಡಿದು ಬರುವ ನಾವು ಕೂಡುವುದೇ ಸೂರ್ಯಾಸ್ತದ ಮೇಲೆ. ಹಗಲಿನಲ್ಲಿ ಆ ಪರದೆ ಹೇಗಿರುತ್ತದೆಂಬುದನ್ನು ನಮ್ಮಲ್ಲಿ ಯಾರೂ ನೋಡಿರಲೇ ಇಲ್ಲ. ಇಲ್ಲದ ಹಳದಿಯನ್ನು ತೆಗೆಯಹೋಗಿ ಇದ್ದ ಕೆಂಪನ್ನು ಕೆಡಿಸಿದೆವು. ಅಚ್ಚಿನಲ್ಲಿ ಕೆಂಪು ಹುಟ್ಟುವುದು ಮಜೆಂಟಾ ಮತ್ತು ಹಳದಿ ಶಾಯಿಗಳು ಕೂಡಿದಾಗ. ಹಳದಿಯನ್ನು ಕಿತ್ತರೆ ಉಳಿಯುವುದು ನೇರಳೆಯತ್ತ ಜಾರಿದ ಬಣ್ಣವೇ.

“ಪರದೆಯಿಂದ ಪರದೆಗೆ ಬಣ್ಣ ಬದಲಾಗುವುದು ಸಹಜ, ಇಷ್ಟಕ್ಕೆಲ್ಲ ಏಕೆ ತಲೆಬಿಸಿ?” ಎಂದು ಕೇಳಿದವರುಂಟು. ನಾವು ಒಪ್ಪುವುದಿಲ್ಲ. ಪರದೆಗಳ ಬಣ್ಣಕ್ಕೂ ಒಂದು ಅಳತೆಗೋಲಿದೆ. ಎಸ್‌ಆರ್‌ಜಿಬಿ ಎಂಬ ಮಾನಕ 1996ರಲ್ಲಿ ಸೂಚಿತವಾಗಿ 1999ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಅದರ ಪ್ರಕಾರ ಪರದೆಯ ಬಿಳುಪು ಸುಮಾರು 6500 ಕೆಲ್ವಿನ್‌ನ ಹಗಲ ಬೆಳಕಿನಂಥದು. ಅಳತೆಗೋಲಿರುವಾಗ ಅಳೆಯದೆ ಬಿಡುವುದು ಸೋಮಾರಿತನ. ಮೇಲಾಗಿ ನಮ್ಮ ಕಣ್ಣು ಬಲು ಹೊಂದಾಣಿಕೆಯ ಜೀವ. ಹಳದಿ ಪರದೆಯ ಮುಂದೆ ಕೆಲಹೊತ್ತು ಕುಳಿತರೆ ಅದನ್ನೇ ಬಿಳುಪೆಂದು ಒಪ್ಪಿಕೊಂಡುಬಿಡುತ್ತದೆ.

ಹೊರನಾಡಿನ ಕನ್ನಡ ಬಳಗಗಳಲ್ಲಿ ಈಗ ಹಳೆಯ ಸಂಚಿಕೆಗಳು, ನಾಟಕದ ಫೋಟೋಗಳು, ಹಿರಿಯರ ಭಾವಚಿತ್ರಗಳು ಸ್ಕ್ಯಾನ್ ಆಗುತ್ತಿವೆ. ಮೂಲದ ಕಾಗದ ಮಳೆಗಾಲದ ತೇವಕ್ಕೆ, ಹುಳುವಿಗೆ ಸಿಕ್ಕು ಹೋಗಬಹುದು. ಆಗ ಉಳಿಯುವುದು ನಾವು ‘ಸರಿಪಡಿಸಿದ’ ಬಣ್ಣ ಮಾತ್ರ. ಮುಂದಿನವರಿಗೆ ಅದೇ ನಿಜವಾಗುತ್ತದೆ. ಸೀರೆ ಕಪಾಟಿನಲ್ಲಿ ಇದ್ದುದರಿಂದ ನಮ್ಮ ತಪ್ಪು ಬಯಲಾಯಿತು. ಇಲ್ಲದಿದ್ದರೆ ಆ ತಾಯಿ ನೇರಳೆ ಸೆರಗಿನವರಾಗಿಯೇ ಉಳಿಯುತ್ತಿದ್ದರು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಚಿತ್ರವನ್ನು ತಿದ್ದುವ ಮುನ್ನ ಪರದೆಯನ್ನು ಪರೀಕ್ಷಿಸಬೇಕು: ಮಾನಿಟರಿನ ಮೆನು, ಕೇಬಲ್, ರಾತ್ರಿಯ ಹೊದಿಕೆ, ಬಣ್ಣದ ಪ್ರೊಫೈಲು, ಈ ಕ್ರಮದಲ್ಲಿ. ಇವುಗಳಿಗೆ ಒಂದು ಕಾಸೂ ಬೇಡ. ಸ್ಕ್ಯಾನಿನ ಮೂಲ ಪ್ರತಿಯನ್ನು ಮುಟ್ಟದೆ ಬೇರೆಯಾಗಿಡಬೇಕು. ತಿದ್ದುವುದಾದರೆ ನಕಲನ್ನು ತಿದ್ದಬೇಕು. ಅಚ್ಚಿನ ಮಾದರಿಯನ್ನು ಹಗಲ ಬೆಳಕಿನಲ್ಲಿ ನೋಡದೆ ಸಹಿ ಹಾಕಬಾರದು. ಇಷ್ಟೆಲ್ಲ ಆಗುವವರೆಗೆ ಛಾಯಾಗ್ರಾಹಕರನ್ನಾಗಲಿ ಮುದ್ರಕರನ್ನಾಗಲಿ ದೂರಬಾರದು.

ಮುದ್ರಕರಿಗೆ ಬಾಕಿ ಹಣವನ್ನು ಒಯ್ದುಕೊಟ್ಟು ಕ್ಷಮೆ ಕೇಳಿದೆವು. ಅವರು ಚಹಾ ತರಿಸಿದರು, ಪತ್ರದ ಮಾತೆತ್ತಲಿಲ್ಲ. ಮುಖಪುಟವನ್ನಷ್ಟೇ ಮತ್ತೆ ಅಚ್ಚುಹಾಕಿಸಿದ್ದೇವೆ, ನಾವು ಕೈಯಾಡಿಸದ ಮೂಲ ಚಿತ್ರದಿಂದ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದರು. ಪ್ರಮಾಣ ನಮ್ಮ ಕೈಯಲ್ಲೇ, ಆ ಸೀರೆಯಲ್ಲೇ ಇತ್ತು. ಕೆಟ್ಟಿರುವುದು ಪರದೆಯಿರಬಹುದೆಂದು ಮಾತ್ರ ನಮಗೆ ಹೊಳೆಯಲಿಲ್ಲ.