ಸೀಗಡಿ ಹೊಂಡದ ಲಾಭ ಯಾರಿಗೆ?

ತೆಲಿಗಿಯಂಥ ಒಣಸೀಮೆಯ ಊರುಗಳಲ್ಲಿ ಮೆಕ್ಕೆಜೋಳದ ಧಾರಣೆಯ ಮಾತು ಬಿಟ್ಟು ಕಡಲ ಸೀಗಡಿಯ ಮಾತೇಕೆಂದು ನಮ್ಮ ಓದುಗರು ಕೇಳಬಹುದು. 2024ರ ಜನವರಿಯಲ್ಲಿ ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯೂ ಕುಮಟಾದ ಅಘನಾಶಿನಿ ಅಳಿವೆಯೂ ಒಟ್ಟಿಗೇ ರಾಮ್ಸಾರ್ ಪಟ್ಟಿಗೆ ಸೇರಿದವು. ನೀರು ಸಿಹಿಯಾದರೇನು, ಉಪ್ಪಾದರೇನು? ನೀರಿನ ಒಡೆಯರು ಯಾರೆಂಬ ಪ್ರಶ್ನೆ ಎರಡೂ ಕಡೆ ಒಂದೇ.

ಕರಾವಳಿಯ ಮೀನು ಸಾಕಣೆಯಿಂದ ಸುಸ್ಥಿರ ಅಭಿವೃದ್ಧಿ ಆಗುತ್ತದೆಂದು ಸರ್ಕಾರ ಹೇಳುತ್ತಿದೆ. 2020ರಲ್ಲಿ ಸಾರಿದ ಮತ್ಸ್ಯ ಸಂಪದ ಯೋಜನೆಗೆ ಇಟ್ಟ ಅಂದಾಜು 20,050 ಕೋಟಿ ರೂಪಾಯಿ. ಮೀನು ಸಾಕಣೆಗೆ ನಾವು ವಿರೋಧಿಗಳಲ್ಲ. ಅಘನಾಶಿನಿಯ ಗಜನಿ ಭೂಮಿಯಲ್ಲಿ ರೈತರು ಅದನ್ನು ಯಾವ ಯೋಜನೆಯೂ ಇಲ್ಲದ ಕಾಲದಿಂದ ಮಾಡಿಕೊಂಡು ಬಂದವರೇ. ಮಳೆಗಾಲದಲ್ಲಿ ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆಗೆದರೆ ಭರತದ ನೀರಿನೊಡನೆ ಬರುವ ಮೀನುಮರಿ, ಸೀಗಡಿ. ಭತ್ತದ ಕೂಳೆ ಮೀನಿಗೆ ಆಹಾರ, ಮೀನಿನ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಒಡ್ಡನ್ನು ಊರವರೇ ಕೂಡಿ ಕಾಯುತ್ತಿದ್ದರು.

ಸೀಗಡಿಗೆ ಹೊರದೇಶದ ಬೆಲೆ ಬಂದದ್ದೇ ಗುತ್ತಿಗೆದಾರನೂ ಬಂದ. ಅವನಿಗೆ ಭತ್ತ ಬೇಡ, ವರ್ಷವಿಡೀ ಉಪ್ಪುನೀರು ಬೇಕು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಿದ್ದು ಸೀಗಡಿ ಸತ್ತಾಗ ಹಣ ಹಾಕಿದವರು ಎದ್ದು ಹೋದರು. ಉಪ್ಪೇರಿದ ಗದ್ದೆ ಮಾತ್ರ ರೈತನ ಪಾಲಿಗೆ ಉಳಿಯಿತು.

ತಮಿಳುನಾಡಿನ ಸರ್ವೋದಯದ ಹಿರಿಯ ಎಸ್. ಜಗನ್ನಾಥನ್ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 11ರಂದು ತೀರ್ಪಿತ್ತಿತು. ಸಾಂಪ್ರದಾಯಿಕ ಹೊಂಡಗಳನ್ನು ಬಿಟ್ಟು ಕರಾವಳಿ ನಿಯಂತ್ರಣ ವಲಯದ ಉಳಿದ ಸೀಗಡಿ ಹೊಂಡಗಳನ್ನು ತೆಗೆಯಬೇಕೆಂದಿತು. ಗಿರಣಿ ಕಾರ್ಮಿಕ ಬಂಧುಗಳು ಇನ್ನೊಂದು ಮಾತು ಗಮನಿಸಬೇಕು: ಕೆಲಸ ಕಳೆದುಕೊಳ್ಳುವವರಿಗೆ ಕಾನೂನಿನ ಪರಿಹಾರವಲ್ಲದೆ ಆರು ವರ್ಷದ ಸಂಬಳವನ್ನೂ ಮಾಲೀಕರು ಕೊಡಬೇಕೆಂದು ನ್ಯಾಯಾಲಯ ವಿಧಿಸಿತ್ತು. ಗಿರಣಿಯ ಬಾಗಿಲು ಮುಚ್ಚಿದಾಗ ಆರು ತಿಂಗಳ ಸಂಬಳವನ್ನಾದರೂ ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ಮುಂದೇನಾಯಿತು? 2005ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆ ತಂದು ಹೊಂಡಗಳಿಗೆ ಮತ್ತೆ ದಾರಿ ಮಾಡಿಕೊಟ್ಟಿತು. ನೋಂದಣಿಯಿಲ್ಲದೆ ಹೊಂಡ ನಡೆಸಿದವನಿಗೆ ಆ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆವಾಸವಿತ್ತು. 2023ರ ತಿದ್ದುಪಡಿ ಅದನ್ನೂ ತೆಗೆದು ದಂಡವೊಂದನ್ನೇ ಉಳಿಸಿತು. ಕಡ ಕಟ್ಟದ ರೈತನ ಮೇಲೆ ಇಷ್ಟು ಕರುಣೆ ಬಂದದ್ದನ್ನು ನಾವು ಕಂಡಿಲ್ಲ!

ಸೀಗಡಿಯ ಮೇವಿಗೆ ಮೀನುಹುಡಿ ಬೇಕು. ಬಡವನ ಸಾರಿಗೆ ಬೀಳಬೇಕಾದ ಬೂತಾಯಿ ಹುಡಿಯ ಕಾರ್ಖಾನೆ ಸೇರುತ್ತದೆ. ಸೀಗಡಿ ಅಮೆರಿಕದ ತಟ್ಟೆ ಸೇರುತ್ತದೆ. 2025ರ ಆಗಸ್ಟಿನಲ್ಲಿ ಆ ದೇಶ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಸಾಕಣೆಗಾರ ಕಂಗಾಲಾದ. ಪರದೇಶದ ಗಿರಾಕಿಯೊಬ್ಬನನ್ನೇ ನಂಬಿದ ಅಂಗಡಿಯ ಗತಿ ಏನೆಂದು ನಮ್ಮ ಸಣ್ಣ ವ್ಯಾಪಾರಿಗಳಿಗೆ ನಾವು ಹೇಳಬೇಕಾಗಿಲ್ಲ.

1951ರಲ್ಲಿ ಕಾಗೋಡಿನ ಗೇಣಿದಾರರು ಉಳುವವನಿಗೆ ನೆಲವೆಂದು ಸತ್ಯಾಗ್ರಹ ಹೂಡಿ ಸೆರೆಮನೆ ಕಂಡರು. ಆ ನ್ಯಾಯ ನೀರಿಗೆ ಇನ್ನೂ ಇಳಿದಿಲ್ಲ. ಗಜನಿಯಲ್ಲಿ ಭತ್ತ ಬೆಳೆಯುವವನಿಗೇ ಮೀನಿನ ಹಕ್ಕೂ ಇರಬೇಕು. ಒಡ್ಡಿನ ದುರಸ್ತಿಯ ವೆಚ್ಚವನ್ನು ಸರ್ಕಾರ ಹೊರಬೇಕು. ನಮ್ಮ ಐದು ತಾಲ್ಲೂಕುಗಳ ಕೆರೆಗಳಲ್ಲಿ ಕಾಟ್ಲಾ, ರೋಹು ಬಿಡುವ ಹಕ್ಕನ್ನು ಹೆಚ್ಚು ಕೂಗಿದವನಿಗೆ ಹರಾಜು ಹಾಕದೆ ಆಯಾ ಊರಿನ ಮೀನುಗಾರರ ಸಹಕಾರ ಸಂಘಕ್ಕೇ ಕೊಡಬೇಕು. ಪಂಚಾಯತಿಯ ಸದಸ್ಯರು ಮುಂದಿನ ಗ್ರಾಮಸಭೆಯಲ್ಲಿ ಈ ಠರಾವನ್ನು ಮಂಡಿಸಲಿ. ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲವೆಂಬುದನ್ನು ನಾವು ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.